ಮೊದಲು ಟೈರು, ಆಮೇಲೆ ರಿಮ್ಮು

ನನ್ನ ಹಳೆಯ ಪೋಲೊ ಜಿಟಿಗೆ ಹೊಸ ಅಲಾಯ್ ಹಾಕಿಸಿ ಎರಡು ವಾರವಾಗಿತ್ತು. ಗಂಟೆಗೆ 85 ಕಿ.ಮೀ.ವರೆಗೆ ಹಾಲು ಕುಡಿದ ಮಗುವಿನಂತೆ ತೆಪ್ಪಗಿರುತ್ತಿದ್ದ ಕಾರು 90 ಮುಟ್ಟಿತೋ, ನಡುಕ ಶುರು. ಸ್ಟೀರಿಂಗ್ ಹಿಡಿದ ಕೈಗೆ ಒಳಗೆಲ್ಲೋ ಮಿಕ್ಸಿ ಓಡುತ್ತಿದೆ ಅನ್ನಿಸುತ್ತಿತ್ತು. ರಿಮ್ ಮಾರಿದ ಅಂಗಡಿಯಲ್ಲಿ ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಕೊಟ್ಟರು. ಮೂರು ಸಲವೂ ಮೆಷಿನ್ ಸೊನ್ನೆ ತೋರಿಸಿತು. "ರೋಡೇ ಸರಿ ಇಲ್ಲ ಸಾರ್" ಅಂದುಬಿಟ್ಟರು. ಬೆಂಗಳೂರಿನಲ್ಲಿ ಈ ಮಾತಿಗೆ ಎದುರು ವಾದ ಹೂಡುವುದು ಕಷ್ಟ.

ನಾಲ್ಕನೇ ಸಲ ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿದ್ದ ವಯಸ್ಸಾದ ಮೆಕ್ಯಾನಿಕ್ ಬ್ಯಾಲೆನ್ಸಿಂಗ್ ಮೆಷಿನ್ ಕಡೆ ತಿರುಗಿಯೂ ನೋಡಲಿಲ್ಲ. ಬೋಲ್ಟ್ ಸಡಿಲಿಸಿ, ಚಕ್ರವನ್ನು ಅರ್ಧ ಹೊರಗೆಳೆದು, ಹಬ್‌ನ ಮೂತಿಗೂ ರಿಮ್ಮಿನ ನಡುತೂತಿಗೂ ಇದ್ದ ಸಂದಿಯಲ್ಲಿ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೂರಿಸಿದರು. ಪೆನ್ಸಿಲ್ ಸಲೀಸಾಗಿ ಒಳಗೆ ಹೋಯಿತು. "ಚಕ್ರ ಹಬ್ ಮೇಲೆ ಕೂತಿಲ್ಲ ಸಾರ್, ಬೋಲ್ಟ್‌ಗೆ ನೇತಾಡ್ತಿದೆ" ಅಂದರು.

ಪೋಲೊ ಹಬ್‌ನ ವ್ಯಾಸ 57.1 ಮಿ.ಮೀ. ನಾನು ಕೊಂಡ ರಿಮ್ಮಿನ ನಡುತೂತು 73.1. ಹಲವು ಕಾರುಗಳಿಗೆ ಒಂದೇ ಅಚ್ಚು ಸಾಕಾಗಲಿ ಎಂದು ರಿಮ್ ಮಾಡುವವರು ತೂತನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ, ಮಿಕ್ಕ ಸಂದಿಗೆ ಒಂದು ಬಳೆ ಕೊಡುತ್ತಾರೆ. ನನಗೆ ಆ ಬಳೆ ಕೊಟ್ಟಿರಲಿಲ್ಲ. ಸಾಲದ್ದಕ್ಕೆ ಕಂಪನಿಯ ಬೋಲ್ಟ್‌ಗಳ ತಲೆಯ ಕೆಳಭಾಗ ಗೋಲಿಯಂತೆ ದುಂಡಗೆ, ಹೊಸ ರಿಮ್ಮಿನ ಗುಂಡಿ ಲಾಳಿಕೆಯಂತೆ ಇಳಿಜಾರು. ಎರಡಕ್ಕೂ ಮದುವೆಯೇ ಆಗಿರಲಿಲ್ಲ. ಬ್ಯಾಲೆನ್ಸಿಂಗ್ ಮೆಷಿನ್ ಸೊನ್ನೆ ತೋರಿಸಿದ್ದೂ ಸುಳ್ಳಲ್ಲ. ಅದು ರಿಮ್ಮನ್ನು ನಡುತೂತಿನಲ್ಲಿ ಕೋನ್ ತೂರಿಸಿ ಹಿಡಿಯುತ್ತದೆ. ಕಾರಿನ ಮೇಲೆ ಮಾತ್ರ ಚಕ್ರ ತನ್ನ ಕೇಂದ್ರ ಬಿಟ್ಟು ಎಲ್ಲೋ ಕೂತಿರುತ್ತದೆ. ನಾಲ್ಕು ಬಳೆ ಮತ್ತು ಇಪ್ಪತ್ತು ಸರಿಯಾದ ಬೋಲ್ಟ್ ಹಾಕಿದ ಮೇಲೆ ನಡುಕ ಮಾಯವಾಯಿತು.

ಇದು ನೂರು ಚಿಲ್ಲರೆ ಕುದುರೆಶಕ್ತಿಯ ಸಣ್ಣ ಕಾರಿನ ಕಥೆ. ಇದೇ ಉದಾಸೀನವನ್ನು ಐನೂರು ಕುದುರೆಶಕ್ತಿಯ ಕಾರಿನ ಮೇಲೆ ತೋರಿಸಿದರೆ ಬರುವುದು ನಡುಕ ಮಾತ್ರವಲ್ಲ. ಈ ಲೇಖನಕ್ಕೆ ಒಂದು ನಿಜವಾದ ವೇಗದ ಕಾರನ್ನು ಮುಂದಿಟ್ಟುಕೊಳ್ಳೋಣ: ನಿಸ್ಸಾನ್ ಜಿಟಿ-ಆರ್, ಆರ್35 ಮಾದರಿ. 2007ರಲ್ಲಿ ಜಪಾನಿನಲ್ಲಿ ಹೊರಬಂದು, 2016ರ ಕೊನೆಗೆ ಭಾರತಕ್ಕೂ ಬಂದು, 2025ರ ಆಗಸ್ಟ್‌ನಲ್ಲಿ ತಯಾರಿಕೆ ನಿಲ್ಲಿಸಿದ ಕಾರು. ಭಾರತಕ್ಕೆ ಬಂದ ಆವೃತ್ತಿಯಲ್ಲಿ 570 ಪಿಎಸ್ ಶಕ್ತಿ, 637 ನ್ಯೂಟನ್ ಮೀಟರ್ ಟಾರ್ಕ್, ನಾಲ್ಕು ಚಕ್ರಕ್ಕೂ ಎಳೆತ. ರಿಮ್ ಬದಲಿಸುವವರಿಗೆ ಇದಕ್ಕಿಂತ ಕಟ್ಟುನಿಟ್ಟಿನ ಮೇಷ್ಟ್ರು ಸಿಗುವುದು ಕಷ್ಟ. ಇದರಲ್ಲಿ ಪಾಸಾದ ಲೆಕ್ಕ ಮುಸ್ತಾಂಗ್‌ಗೂ ಬಿಎಂಡಬ್ಲ್ಯು ಎಂ2ಗೂ ನಡೆಯುತ್ತದೆ. ಅಂಕಿ ಬೇರೆ, ವಿಧಾನ ಒಂದೇ.

ಅಂಗಡಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಯಾವ ಡಿಸೈನ್ ತೋರಿಸಲಿ?" ಅದು ಕೊನೆಯ ಪ್ರಶ್ನೆಯಾಗಬೇಕು ಅನ್ನುವುದು ನನ್ನ ವಾದ. ನೆಲ ಮುಟ್ಟುವುದು ಟೈರು. ರಿಮ್ ಇರುವುದು ಅದನ್ನು ಹಿಡಿದುಕೊಳ್ಳಲು. ಹಾಗಾಗಿ ಯಾವ ಟೈರ್ ಬೇಕು ಎಂದು ಮೊದಲು ತೀರ್ಮಾನಿಸಿ, ಆ ಟೈರಿಗೆ ಒಪ್ಪುವ ಅಗಲ ಹುಡುಕಿ, ಅಗಲಕ್ಕೆ ತಕ್ಕ ಆಫ್‌ಸೆಟ್ ಲೆಕ್ಕ ಹಾಕಿ, ಬ್ರೇಕಿಗೆ ತಗಲುತ್ತದೆಯೇ ನೋಡಿ. ಇಷ್ಟರಲ್ಲೂ ಉಳಿದುಕೊಂಡ ನಾಲ್ಕೈದು ರಿಮ್‌ಗಳಲ್ಲಿ ಚೆಂದದ್ದನ್ನು ಆರಿಸಿ.

ಟೈರಿನ ಲೆಕ್ಕ

ಜಿಟಿ-ಆರ್ ಕಾರ್ಖಾನೆಯಿಂದ ಬರುತ್ತಿದ್ದದ್ದು ಮುಂದೆ 255/40 ಆರ್20, ಹಿಂದೆ 285/35 ಆರ್20 ಟೈರಿನಲ್ಲಿ. ಮೊದಲ ಅಂಕಿ ಟೈರಿನ ಅಗಲ, ಮಿ.ಮೀ.ಗಳಲ್ಲಿ. ಎರಡನೆಯದು ಸೈಡ್‌ವಾಲಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಮೂರನೆಯದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಮುಂದಿನ ಟೈರಿನ ಸೈಡ್‌ವಾಲ್ 255ರ ಶೇ 40, ಅಂದರೆ 102 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 204. ಇಪ್ಪತ್ತು ಇಂಚು ಅಂದರೆ 508. ಒಟ್ಟು ವ್ಯಾಸ 712 ಮಿ.ಮೀ. ಹಿಂದಿನದಕ್ಕೂ ಹೀಗೇ ಕೂಡಿದರೆ 707.5. ಮುಂದಕ್ಕೂ ಹಿಂದಕ್ಕೂ ವ್ಯತ್ಯಾಸ ಬರೀ 4.5 ಮಿ.ಮೀ.

ಈ ನಾಲ್ಕೂವರೆ ಮಿಲಿಮೀಟರನ್ನು ನೆನಪಿಡಿ. ನಾಲ್ಕು ಚಕ್ರದ ಎಳೆತ ಇರುವ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ಸುತ್ತಿನ ವೇಗವನ್ನು ಕಂಪ್ಯೂಟರ್ ಸದಾ ಹೋಲಿಸುತ್ತಿರುತ್ತದೆ. ಹಿಂದಿನದು ಬೇಗ ತಿರುಗಿತೆಂದರೆ ಜಾರುತ್ತಿದೆ ಎಂದು ತಿಳಿದು, ಕ್ಲಚ್ ಮೂಲಕ ಮುಂದಕ್ಕೆ ಶಕ್ತಿ ಹರಿಸುತ್ತದೆ. ಹಿಂದೆ ಚಿಕ್ಕ ವ್ಯಾಸದ ಟೈರ್ ಹಾಕಿದರೆ ನೇರ ರಸ್ತೆಯಲ್ಲಿ ಸುಮ್ಮನೆ ಹೋಗುವಾಗಲೂ ಹಿಂದಿನ ಚಕ್ರ ತುಸು ಬೇಗ ತಿರುಗುತ್ತಲೇ ಇರುತ್ತದೆ. ಕಂಪ್ಯೂಟರಿಗೆ ಅದು ಮುಗಿಯದ ಜಾರಾಟ. ಕ್ಲಚ್ ಬಿಸಿಯಾಗುತ್ತದೆ, ಸವೆಯುತ್ತದೆ. ಅದರ ಬಿಲ್ಲು ಬರುವ ಹೊತ್ತಿಗೆ ರಿಮ್ ಮಾರಿದವನಿಗೆ ನಿಮ್ಮ ಹೆಸರೂ ಮರೆತಿರುತ್ತದೆ.

ಅಗಲ ಹೆಚ್ಚಿಸಬೇಕೆನ್ನುವ ಜಿಟಿ-ಆರ್ ಮಾಲೀಕರು ಮುಂದೆ 285/35, ಹಿಂದೆ 325/30 ಹಾಕುವುದುಂಟು. ಲೆಕ್ಕ ಹಾಕಿ ನೋಡಿ: ಮುಂದೆ 707.5, ಹಿಂದೆ 703. ವ್ಯತ್ಯಾಸ ಮತ್ತೆ ಅದೇ 4.5. ಟೈರ್ ಎರಡೂ ಕಡೆ ಅಗಲವಾಯಿತು, ಅನುಪಾತ ಅಲ್ಲಾಡಲಿಲ್ಲ. ಇದು ತಿಳಿದು ಮಾಡಿದ ಬದಲಾವಣೆ. ಅದೇ ಮನುಷ್ಯ "21 ಇಂಚು ಗತ್ತಾಗಿರುತ್ತೆ" ಅಂತ ಮುಂದೆ 255/35 ಆರ್21, ಹಿಂದೆ 285/30 ಆರ್21 ಹಾಕಿದ ಅನ್ನಿ. ಮುಂದೆ 711.9, ಹಿಂದೆ 704.4. ವ್ಯತ್ಯಾಸ ಏಳೂವರೆ ಮಿ.ಮೀ.ಗೆ ಹಿಗ್ಗಿತು. ಮುಂದಿನ ಸೈಡ್‌ವಾಲ್ 102ರಿಂದ 89ಕ್ಕೆ ಇಳಿಯಿತು. ರಿಮ್ಮಿಗೂ ರಸ್ತೆಗುಂಡಿಗೂ ನಡುವೆ ಇದ್ದ ರಬ್ಬರಿನಲ್ಲಿ 13 ಮಿ.ಮೀ. ಕಡಿಮೆ. ನಮ್ಮ ರಸ್ತೆಗಳಲ್ಲಿ ರಿಮ್ ಸೊಟ್ಟಗಾಗುವುದಕ್ಕೂ ಉಳಿಯುವುದಕ್ಕೂ ಅಷ್ಟು ಸಾಕು. ಒಟ್ಟು ವ್ಯಾಸ ಮೂಲದ ಶೇ 3ರ ಒಳಗಿದ್ದರೆ ಸಾಕು ಎಂಬ ರೂಢಿಯ ಮಾತಿದೆ. ಎರಡು ಚಕ್ರದ ಎಳೆತದ ಕಾರಿಗೆ ಅದು ನಡೆಯುತ್ತದೆ. ನಾಲ್ಕು ಚಕ್ರದ ಎಳೆತಕ್ಕೆ ಮುಂದು-ಹಿಂದಿನ ಅನುಪಾತವೇ ಮೊದಲು ನೋಡಬೇಕಾದದ್ದು.

ಈ ಲೆಕ್ಕ ಕಾಗದದ ಮೇಲಿನದು, ಇನ್ನೊಂದು ಮಾತನ್ನೂ ಸೇರಿಸಬೇಕು. ಒಂದೇ ಅಳತೆ ಬರೆದಿದ್ದರೂ ಒಂದು ಕಂಪನಿಯ ಟೈರ್ ಇನ್ನೊಂದಕ್ಕಿಂತ ಕೆಲವು ಮಿ.ಮೀ. ದಪ್ಪವೋ ಎತ್ತರವೋ ಇರುತ್ತದೆ. ಟೈರ್ ಕಂಪನಿಗಳು ಪ್ರಕಟಿಸುವ ವಿವರಪಟ್ಟಿಯಲ್ಲಿ ನಿಜವಾದ ವ್ಯಾಸ, ಯಾವ ಅಗಲದ ರಿಮ್ಮಿಗೆ ಹಾಕಬಹುದು ಎಂಬ ಮಿತಿ, ಹೊರಬಹುದಾದ ಭಾರ ಎಲ್ಲವೂ ಇರುತ್ತವೆ. ಕೊಳ್ಳುವ ಮೊದಲು ಆ ಪಟ್ಟಿ ನೋಡಿ. ಭಾರದ ಅಂಕಿ 97 ಎಂದಿದ್ದರೆ ಒಂದು ಟೈರ್ 730 ಕೆ.ಜಿ. ಹೊರಬಲ್ಲದು, 100 ಇದ್ದರೆ 800 ಕೆ.ಜಿ. ಪಕ್ಕದ ಅಕ್ಷರ ವೇಗದ ಮಿತಿ: ಡಬ್ಲ್ಯು ಅಂದರೆ ಗಂಟೆಗೆ 270 ಕಿ.ಮೀ., ವೈ ಅಂದರೆ 300. ನಾನೇನು ಆ ವೇಗಕ್ಕೆ ಹೋಗುವುದಿಲ್ಲವಲ್ಲ ಎಂದು ಕಾರ್ಖಾನೆಯ ಅಂಕಿಗಿಂತ ಕೆಳಗಿಳಿಯಬೇಡಿ. ಆ ಅಕ್ಷರ ಬಿಸಿ ತಾಳುವ ಶಕ್ತಿಯ ಗುರುತೂ ಹೌದು.

ಆಫ್‌ಸೆಟ್ ಎಂಬ ಗೊಂದಲ

ಜಿಟಿ-ಆರ್ ಮುಂದಿನ ರಿಮ್ಮಿನ ವಿಳಾಸ ಹೀಗಿದೆ: 20×9.5 ಜೆ, ಇಟಿ 45. ಹಿಂದಿನದು 20×10.5 ಜೆ, ಇಟಿ 25. ಜೆ ಅಂದರೆ ಟೈರ್ ಹಿಡಿಯುವ ಅಂಚಿನ ಆಕಾರದ ಗುರುತು. ಅದು ತಲೆಕೆಡಿಸಿಕೊಳ್ಳುವ ವಿಷಯವಲ್ಲ. ಇಟಿ ಜರ್ಮನ್ನರ 'ಐನ್‌ಪ್ರೆಸ್‌ಟೀಫ' ಎಂಬ ಪದದ ಚುಟುಕು, ನಾವು ಹೇಳುವ ಆಫ್‌ಸೆಟ್. ರಿಮ್ಮನ್ನು ಅಗಲದ ಸರಿ ನಡುವಿಗೆ ಸೀಳಿದರೆ ಸಿಗುವ ಗೆರೆಯಿಂದ, ಹಬ್‌ಗೆ ಒತ್ತಿಕೊಳ್ಳುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬುದು ಆ ಅಂಕಿ. ಇಟಿ ಹೆಚ್ಚಾದಷ್ಟೂ ಚಕ್ರ ಮಡ್‌ಗಾರ್ಡಿನ ಒಳಕ್ಕೆ ಸರಿಯುತ್ತದೆ, ಕಡಿಮೆಯಾದಷ್ಟೂ ಹೊರಕ್ಕೆ ಬರುತ್ತದೆ.

ಜನ ಎಡವುವುದು ಅಗಲ ಮತ್ತು ಇಟಿ ಎರಡನ್ನೂ ಒಟ್ಟಿಗೆ ಬದಲಿಸುವಾಗ. "ಇಟಿ ನಾಲ್ಕೇ ಕಡಿಮೆ, ಏನಾಗುತ್ತೆ?" ಅನ್ನುತ್ತಾರೆ. ಒಂದು ಕಾಗದ ತಗೊಳ್ಳಿ. 9.5 ಇಂಚಿನ ಅರ್ಧ 120.65 ಮಿ.ಮೀ. ಅದರಲ್ಲಿ 45 ಕಳೆದರೆ ಹಬ್ ಮುಖದಿಂದ ರಿಮ್ ಹೊರಕ್ಕೆ ಚಾಚುವ ದೂರ: 75.65. ಕೂಡಿದರೆ ಒಳಕ್ಕೆ ಚಾಚುವ ದೂರ: 165.65. ಈಗ ನೀವು ನೋಡಿದ ಹೊಸ ರಿಮ್ 10 ಜೆ, ಇಟಿ 41 ಅನ್ನೋಣ. ಅರ್ಧ 127. ಹೊರಕ್ಕೆ 86, ಒಳಕ್ಕೆ 168. ಅಂದರೆ ಮಡ್‌ಗಾರ್ಡ್ ಕಡೆ ಹತ್ತು ಮಿ.ಮೀ. ಮೀರಿ ಹೋಯಿತು, ಸಸ್ಪೆನ್ಷನ್ ಕಡೆ ಎರಡೂಕಾಲು. ನಾಲ್ಕು ಎಂದುಕೊಂಡದ್ದು ಹತ್ತಾಗಿದೆ.

ಹಿಂದಕ್ಕೆ 12 ಜೆ, ಇಟಿ 20 ಹಾಕುವ ಆಸೆಯಾದರೆ? ಮೂಲದ ರಿಮ್ ಹೊರಕ್ಕೆ 108.35, ಒಳಕ್ಕೆ 158.35 ಚಾಚುತ್ತದೆ. ಹೊಸದು ಹೊರಕ್ಕೆ 132.4, ಒಳಕ್ಕೆ 172.4. ಹೊರಗೆ 24 ಮಿ.ಮೀ., ಒಳಗೆ 14 ಮಿ.ಮೀ. ಹೆಚ್ಚು. ಇಷ್ಟು ಜಾಗ ನಿಮ್ಮ ಕಾರಿನಲ್ಲಿ ಇದೆಯೇ ಎಂಬುದಕ್ಕೆ ಉತ್ತರ ಹೇಳಬೇಕಾದದ್ದು ಟೇಪು, ಫೋಟೊ ಅಲ್ಲ. ಜಾಕ್ ಹಾಕಿ ಚಕ್ರ ಎತ್ತಿದಾಗ ಸಸ್ಪೆನ್ಷನ್ ಜೋತುಬೀಳುವುದರಿಂದ ಆಗ ಅಳೆದದ್ದು ನಂಬಿಕೆಗೆ ಅರ್ಹವಲ್ಲ. ಕಾರು ತನ್ನ ಚಕ್ರದ ಮೇಲೆ ನಿಂತಿರುವಾಗ ಮಡ್‌ಗಾರ್ಡಿನ ಅಂಚಿನಿಂದ ಒಂದು ದಾರಕ್ಕೆ ನಟ್ ಕಟ್ಟಿ ತೂಗುಬಿಡಿ. ದಾರದಿಂದ ರಿಮ್ಮಿನ ಅಂಚಿಗೂ, ಟೈರಿನ ಉಬ್ಬಿಗೂ ಇರುವ ದೂರ ಬರೆದುಕೊಳ್ಳಿ. ಗಾರೆಯವರು ಗೋಡೆ ನೆಟ್ಟಗಿದೆಯೇ ನೋಡುವ ತೂಗುಗುಂಡಿನ ಉಪಾಯವೇ ಇದು. ಒಳಗಡೆ ಮಾತ್ರ ಚಕ್ರ ಬಿಚ್ಚಿಯೇ ನೋಡಬೇಕು. ಮೂಲ ರಿಮ್ಮಿನ ಒಳಅಂಚು ಸಸ್ಪೆನ್ಷನ್ನಿನ ಯಾವ ಭಾಗಕ್ಕೆ ಹತ್ತಿರ ಬರುತ್ತದೋ ಅಲ್ಲಿ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣಿನ ಉಂಡೆ ಅಂಟಿಸಿ, ಚಕ್ರ ಹಾಕಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಕಾರನ್ನು ನಿಧಾನ ಒಂದು ಹಂಪ್ ಹತ್ತಿಸಿ ಇಳಿಸಿ. ಬಿಚ್ಚಿದಾಗ ಮಣ್ಣು ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ಆಸ್ತಿ.

ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆ ಇದೆ. ರಿಮ್ ಎಷ್ಟೇ ಅಗಲವಾಗಲಿ, ಟೈರಿನ ನಡುಗೆರೆ ಎಲ್ಲಿ ಕೂರುತ್ತದೆ ಎಂದು ಹೇಳುವುದು ಇಟಿ ಒಂದೇ. ಸ್ಟೀರಿಂಗ್ ತಿರುಗಿದಾಗ ಚಕ್ರ ಯಾವ ಅಕ್ಷದ ಸುತ್ತ ತಿರುಗುತ್ತದೋ, ಆ ಅಕ್ಷ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುಗೆರೆಗೂ ಇರುವ ದೂರವನ್ನು ಎಂಜಿನಿಯರುಗಳು ಮಿ.ಮೀ. ಲೆಕ್ಕದಲ್ಲಿ ಕೂಡಿಸಿರುತ್ತಾರೆ. ಮುಂದಿನ ಚಕ್ರದ ಇಟಿಯನ್ನು ಹದಿನೈದಿಪ್ಪತ್ತು ಕಡಿಮೆ ಮಾಡಿದರೆ ಆ ದೂರ ಅಷ್ಟೇ ಹೆಚ್ಚುತ್ತದೆ. ಆಗ ಲಾರಿಗಳು ಕೊರೆದ ರಸ್ತೆಯ ಗೀರು ಹಿಡಿದು ಕಾರು ಎಳೆಯುತ್ತದೆ. ಒಂದು ಕಡೆಯ ಚಕ್ರ ಮರಳಿನ ಮೇಲಿರುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಕೈ ಕಿತ್ತುಕೊಳ್ಳುತ್ತದೆ. ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚು. ಅದಕ್ಕೇ ನನ್ನ ಸಲಹೆ: ಮುಂದಿನ ಇಟಿ ಮೂಲಕ್ಕಿಂತ ಐದಾರು ಮಿ.ಮೀ.ಗಿಂತ ಹೆಚ್ಚು ಆಚೀಚೆ ಆಗದಿರಲಿ. ಮಡ್‌ಗಾರ್ಡಿನಾಚೆ ಚಾಚಿದ ಚಕ್ರದ ಫ್ಯಾಷನ್ನಿಗೂ, ಅಗಲ ರಿಮ್ಮಿಗೆ ಸಣ್ಣ ಟೈರನ್ನು ಎಳೆದು ಕೂರಿಸುವ ಫ್ಯಾಷನ್ನಿಗೂ ದೊಡ್ಡ ನಮಸ್ಕಾರ. ನಿಂತಿರುವ ಕಾರಿಗೆ ಅವು ಚೆಂದ ಇರಬಹುದು.

ತೂಕದ ಸುತ್ತ ಹಬ್ಬಿದ ಪುರಾಣ

"ಚಕ್ರದಲ್ಲಿ ಒಂದು ಕಿಲೋ ಇಳಿಸಿದರೆ ಬಾಡಿಯಲ್ಲಿ ಹತ್ತು ಕಿಲೋ ಇಳಿಸಿದಂತೆ." ಈ ಮಾತನ್ನು ಕನಿಷ್ಠ ಇಪ್ಪತ್ತು ಜನರ ಬಾಯಲ್ಲಿ ಕೇಳಿದ್ದೇನೆ. ಹತ್ತು ಎಂಬ ಅಂಕಿ ಎಲ್ಲಿಂದ ಬಂತೋ! ಪಿಯುಸಿ ಭೌತಶಾಸ್ತ್ರವೇ ಸಾಕು. ಉರುಳುವ ಚಕ್ರವನ್ನು ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ತೂಕವೆಲ್ಲ ಟೈರಿನ ಹೊರಮೈಯಲ್ಲೇ ಇದ್ದರೂ ಒಂದು ಕಿಲೋ ಎರಡು ಕಿಲೋದಂತೆ ವರ್ತಿಸುತ್ತದೆ, ಅದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. 20 ಇಂಚಿನ ರಿಮ್ಮಿನ ಅಂಚು ಕೇಂದ್ರದಿಂದ 254 ಮಿ.ಮೀ. ದೂರದಲ್ಲಿದೆ, ಟೈರಿನ ಹೊರಮೈ ಸುಮಾರು 355ರಲ್ಲಿ. ಎರಡರ ಅನುಪಾತದ ವರ್ಗ ಅರ್ಧದ ಹತ್ತಿರ. ಹಾಗಾಗಿ ರಿಮ್ಮಿನ ಅಂಚಿನ ಒಂದು ಕಿಲೋ ವೇಗ ಏರಿಸುವಾಗ ಒಂದೂವರೆ ಕಿಲೋದಂತೆ ಅನ್ನಿಸುತ್ತದೆ, ಅಷ್ಟೆ. ನಡುಭಾಗದ ಒಂದು ಕಿಲೋ ಇನ್ನೂ ಕಡಿಮೆ.

ಹಾಗಾದರೆ ಹಗುರ ರಿಮ್ಮಿಗೆ ಯಾಕೆ ದುಡ್ಡು ಸುರಿಯಬೇಕು? ಲಾಭ ಇರುವುದು ಬೇರೆ ಕಡೆ. ಸ್ಪ್ರಿಂಗಿನ ಕೆಳಗಿರುವ ತೂಕ ಕಡಿಮೆಯಾದಷ್ಟೂ ಉಬ್ಬುತಗ್ಗಿನ ರಸ್ತೆಯಲ್ಲಿ ಟೈರ್ ನೆಲ ಬಿಡದೆ ಹಿಂಬಾಲಿಸುತ್ತದೆ. ಹಿಡಿತ ಹೆಚ್ಚು, ಕೂತವರ ಬೆನ್ನಿಗೂ ಆರಾಮ. ಈ ಲಾಭವನ್ನು ಹೆಚ್ಚಿನವರು ವ್ಯಾಸ ದೊಡ್ಡದು ಮಾಡಿ ತಾವೇ ಕಳೆದುಕೊಳ್ಳುತ್ತಾರೆ. ಅದೇ ವ್ಯಾಸ, ಹಗುರ ರಿಮ್: ಇದಕ್ಕಿಂತ ಜಾಣ ಬದಲಾವಣೆ ಇಲ್ಲ. ಬ್ರೇಕ್ ಜಾಗ ಕೊಟ್ಟರೆ ಒಂದು ಇಂಚು ಚಿಕ್ಕದಕ್ಕೆ ಇಳಿಯುವುದು ಅದಕ್ಕಿಂತಲೂ ಜಾಣತನ, ಆದರೆ ಜಿಟಿ-ಆರ್‌ನಂಥ ಕಾರಿನಲ್ಲಿ ಬ್ರೇಕ್ ಜಾಗ ಕೊಡುವುದು ಕಷ್ಟ. ನಂತರದ ಆವೃತ್ತಿಗಳಲ್ಲಿ ಮುಂದಿನ ಬ್ರೇಕ್ ಡಿಸ್ಕೇ 390 ಮಿ.ಮೀ., ಅಂದರೆ ಹದಿನೈದೂಕಾಲು ಇಂಚಿಗೂ ಹೆಚ್ಚು. ಅದರ ಮೇಲೆ ಬ್ರೆಂಬೊ ಕ್ಯಾಲಿಪರ್ ಕೂರಬೇಕು.

ಬ್ರೇಕಿನ ಜಾಗದಲ್ಲಿ ವ್ಯಾಸಕ್ಕಿಂತ ಮೋಸ ಮಾಡುವುದು ಕಡ್ಡಿಗಳ ಬಾಗು. ವ್ಯಾಸ ಸರಿ, ಇಟಿ ಸರಿ, ಆದರೂ ಕಡ್ಡಿಯ ಬೆನ್ನು ಕ್ಯಾಲಿಪರಿನ ಹೊರಮೈಗೆ ಉಜ್ಜುತ್ತದೆ. ಒಳ್ಳೆಯ ರಿಮ್ ಕಂಪನಿಗಳು ತಮ್ಮ ರಿಮ್ಮಿನ ಒಳ ಆಕಾರದ ನಕ್ಷೆ ಕೊಡುತ್ತವೆ. ಒಂದಕ್ಕೊಂದು ಅಳತೆಯಲ್ಲಿ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ ಕತ್ತರಿಸಿ, ಹಬ್ ಮೇಲೆ ಹಿಡಿದು ನೋಡಿ. ಸುತ್ತ 3 ಮಿ.ಮೀ.ಯಾದರೂ ಉಳಿಯಬೇಕು. ಸ್ಪೇಸರ್ ಇಟ್ಟು ದೂರ ತಳ್ಳೋಣ ಅನ್ನುವವರು, ಸ್ಪೇಸರಿನ ದಪ್ಪ ಇಟಿಯಲ್ಲಿ ಕಳೆಯುತ್ತದೆ ಎಂಬುದನ್ನು ಮರೆಯಬಾರದು: ಇಟಿ 45ರ ರಿಮ್ಮಿಗೆ 10 ಮಿ.ಮೀ. ಸ್ಪೇಸರ್ ಇಟ್ಟರೆ ಅದು ಇಟಿ 35.

ಎರಕವೋ ಬಡಿದದ್ದೋ

ಕರಗಿಸಿದ ಅಲ್ಯೂಮಿನಿಯಂ ಅಚ್ಚಿಗೆ ಸುರಿದು ಮಾಡಿದ್ದು ಎರಕದ ರಿಮ್. ಅಗ್ಗ, ಭಾರ, ಜೋರು ಪೆಟ್ಟಿಗೆ ಬಿರುಕು ಬಿಡುವ ಸ್ವಭಾವ. ಎರಕದ ರಿಮ್ಮನ್ನೇ ಬಿಸಿ ಮಾಡಿ, ತಿರುಗಿಸುತ್ತಾ, ರೋಲರ್ ಒತ್ತಿ ಹೊರ ಕೊಳವೆಯನ್ನು ತೆಳುವಾಗಿ ಎಳೆದದ್ದು ಫ್ಲೋ ಫಾರ್ಮ್ಡ್. ಜಪಾನಿನ ಎಂಕೈ ಇದನ್ನು 'ಮ್ಯಾಟ್' ಎಂಬ ಹೆಸರಿನಲ್ಲಿ ಮಾರುತ್ತದೆ. ಗಟ್ಟಿ ಬಿಲ್ಲೆಯನ್ನು ಸಾವಿರಾರು ಟನ್ ಒತ್ತಡದ ಪ್ರೆಸ್ಸಿನಲ್ಲಿ ಒತ್ತಿ ಮಾಡಿದ್ದು ಫೋರ್ಜ್ಡ್, ನಮ್ಮ ಕಮ್ಮಾರರ ಭಾಷೆಯಲ್ಲಿ ಬಡಿದದ್ದು. ಲೋಹದ ಕಣಗಳು ಒತ್ತೊತ್ತಾಗಿ ಕೂರುವುದರಿಂದ ಕಡಿಮೆ ಲೋಹದಲ್ಲೇ ಹೆಚ್ಚು ಬಲ. ಗುಂಡಿಗೆ ಬಿದ್ದರೆ ಸಾಮಾನ್ಯವಾಗಿ ಬಿರುಕು ಬಿಡುವ ಮೊದಲು ಸೊಟ್ಟಗಾಗುತ್ತದೆ. ಗಾಳಿ ನಿಧಾನವಾಗಿ ಇಳಿದು ಪಕ್ಕಕ್ಕೆ ನಿಲ್ಲಿಸಲು ನಿಮಗೆ ಸಮಯ ಸಿಗುತ್ತದೆ. ಜಿಟಿ-ಆರ್ ಕಾರ್ಖಾನೆಯಿಂದಲೇ ಜಪಾನಿನ ರೇಸ್ ಎಂಬ ಕಂಪನಿಯ ಫೋರ್ಜ್ಡ್ ರಿಮ್ ತೊಟ್ಟು ಬರುತ್ತಿತ್ತು. ಅದನ್ನು ತೆಗೆದು ಎರಕದ ರಿಮ್ ಹಾಕುವುದೆಂದರೆ ದುಡ್ಡು ಕೊಟ್ಟು ಹಿಂದಕ್ಕೆ ನಡೆದಂತೆ.

ಇದೇ ರೇಸ್ ಕಂಪನಿಯ ಟಿಇ37, ಆರು ಕಡ್ಡಿಯ ಆ ಪ್ರಸಿದ್ಧ ರಿಮ್, 1996ರಲ್ಲಿ ಬಂದದ್ದು. ಹೆಸರಿನ 37 ಎಂಬುದು ತೂಕ: 15 ಇಂಚು ವ್ಯಾಸ, 6 ಇಂಚು ಅಗಲದ ರಿಮ್ 3.7 ಕೆ.ಜಿ. ತೂಗುತ್ತಿತ್ತು. ಪ್ರಪಂಚದಲ್ಲಿ ಇಷ್ಟು ನಕಲಾದ ರಿಮ್ ಇನ್ನೊಂದಿರಲಾರದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ಗಂಟೆ ಅಡ್ಡಾಡಿದರೆ ಅದೇ ಆರು ಕಡ್ಡಿ, ಬೇರೆ ಬೇರೆ ಹೆಸರಿನಲ್ಲಿ, ಗೋಡೆ ತುಂಬ ಕಾಣುತ್ತದೆ. ಸಣ್ಣ ಕಾರಿಗೆ ಅಂದಕ್ಕೆಂದು ಹಾಕಿಕೊಳ್ಳುವವರನ್ನು ನಾನು ಬೈಯುವುದಿಲ್ಲ. ವೇಗದ ಕಾರಿಗೆ ಮಾತ್ರ ಬೇಡವೇ ಬೇಡ. ಗುರುತಿಸಲು ಸುಲಭದ ದಾರಿ ತಕ್ಕಡಿ. ಅಸಲಿಯ ತೂಕವನ್ನು ತಯಾರಕರಿಂದ ತಿಳಿದುಕೊಂಡು, ಮುಂದಿರುವುದನ್ನು ತೂಗಿಸಿ. ನಕಲು ಎರಕದ್ದಾದರೆ ತೂಕದಲ್ಲೇ ಬಾಯಿಬಿಡುತ್ತದೆ. ಆಮೇಲೆ ಕಡ್ಡಿಯ ಹಿಂಬದಿ ಟಾರ್ಚ್ ಬಿಟ್ಟು ನೋಡಿ. ಜಪಾನಿನ ರಿಮ್ಮಿನಲ್ಲಿ 'ಜೆಡಬ್ಲ್ಯುಎಲ್' ಗುರುತು ಇರಬೇಕು. ಅದು ತಯಾರಕನೇ ಪರೀಕ್ಷಿಸಿ ಹಾಕಿಕೊಳ್ಳುವ ಗುರುತು. ಜೊತೆಗೆ 'ವಿಐಎ' ಇದ್ದರೆ ಹೊರಗಿನ ಸಂಸ್ಥೆಯ ಪರೀಕ್ಷೆಯೂ ಆಗಿದೆ ಎಂದರ್ಥ. ಭಾರತದಲ್ಲಿ ರಿಮ್‌ಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದೆ. ಅಲ್ಲೇ ಹಿಂದೆ ರಿಮ್ ಹೊರಬಹುದಾದ ಭಾರವನ್ನೂ ಕೆತ್ತಿರುತ್ತಾರೆ. ಕಾರಿನ ಹೆಚ್ಚು ಭಾರದ ಆಕ್ಸಲ್ ಹೊರಬಹುದಾದ ಗರಿಷ್ಠ ತೂಕದ ಅರ್ಧಕ್ಕಿಂತ ಅದು ಕಡಿಮೆ ಇರಬಾರದು.

ಸೆಕೆಂಡ್ ಹ್ಯಾಂಡ್ ಫೋರ್ಜ್ಡ್ ರಿಮ್ ಕೊಳ್ಳುವವರಿಗೆ ಒಂದೇ ಮಾತು: ಸೊಟ್ಟ ತೆಗೆದದ್ದಾದರೆ ಯೋಚಿಸಿ, ವೆಲ್ಡಿಂಗ್ ಮಾಡಿದ್ದಾದರೆ ಕೈಮುಗಿದು ಹೊರಡಿ. ಹೊಸ ಪೇಂಟ್ ಹೊಡೆದ ಹಳೇ ರಿಮ್ ಕಂಡರೆ ಒಳಮೈಯನ್ನು ಉಗುರಿನಿಂದ ಸವರಿ ನೋಡಿ.

ಅರದಂಥ ಗೀರುಗಳು

ಜಿಟಿ-ಆರ್ ರಿಮ್ಮಿನಿಂದ ಟೈರ್ ಬಿಚ್ಚಿದರೆ ಬೇರೆ ಕಾರುಗಳಲ್ಲಿ ಕಾಣದ ಒಂದು ಸಂಗತಿ ಕಾಣುತ್ತದೆ. ಟೈರಿನ ಬೀಡ್, ಅಂದರೆ ರಿಮ್ಮನ್ನು ಕಚ್ಚುವ ಒಳಅಂಚು, ಕೂರುವ ಪಟ್ಟಿ ನುಣುಪಾಗಿಲ್ಲ. ಅರದ ಮೈಯಂತೆ ಸಣ್ಣ ಗೀರುಗಳ ಸಾಲು ಇದೆ. ಎಂಜಿನ್ನಿನ ಎಳೆತಕ್ಕೆ ರಿಮ್ ತಿರುಗಿ, ಟೈರ್ ನೆಲ ಕಚ್ಚಿ ಹಿಡಿದುಕೊಂಡರೆ ಏನಾಗಬೇಕು? ರಿಮ್ ಟೈರಿನ ಒಳಗೇ ತುಸು ಜಾರುತ್ತದೆ. ಅದನ್ನು ತಡೆಯಲು ಆ ಗೀರು. ಹೊಸ ರಿಮ್ ಕೊಳ್ಳುವಾಗ ಇದು ಇದೆಯೇ ಎಂದು ಕೇಳಿ. ಕೇಳಿದ ಕೂಡಲೇ ಮಾರುವವನಿಗೆ ನೀವು ಎಂಥ ಗಿರಾಕಿ ಎಂದೂ ತಿಳಿಯುತ್ತದೆ.

ಗೀರಿಲ್ಲದ ರಿಮ್ಮೇ ಆದರೂ ಜಾರುತ್ತಿದೆಯೋ ಇಲ್ಲವೋ ತಿಳಿಯಲು ಎರಡು ರೂಪಾಯಿಯ ಸೀಮೆಸುಣ್ಣ ಸಾಕು. ರಿಮ್ಮಿನ ಅಂಚಿನಿಂದ ಟೈರಿನ ಮೇಲಕ್ಕೆ ನೇರ ಒಂದು ಗೆರೆ ಎಳೆಯಿರಿ. ಜೋರಾಗಿ ಓಡಿಸಿದ ಮೇಲೆ ನೋಡಿ. ಗೆರೆ ಮುರಿದು ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗಿದ್ದರೆ ಜಾರಿದೆ, ಬ್ಯಾಲೆನ್ಸ್ ಕೂಡ ಹೋಗಿದೆ. ಇದಕ್ಕೆ ಅರ್ಧ ಕಾರಣ ಟೈರ್ ಅಂಗಡಿಯ ಹುಡುಗರು ಧಾರಾಳವಾಗಿ ಬಳಿಯುವ ಸೋಪು. ಅದು ಒಣಗಲು ಒಂದು ದಿನ ಕೊಡಿ. ಹೊಸ ಟೈರ್ ಹಾಕಿಸಿದ ಸಂಜೆಯೇ ಗೆಳೆಯರೆದುರು ಜೋರು ತೋರಿಸಲು ಹೋಗಬೇಡಿ.

ಜಿಟಿ-ಆರ್ ರನ್‌ಫ್ಲ್ಯಾಟ್ ಟೈರ್ ಹಾಕಿಕೊಂಡು, ಸ್ಟೆಪ್ನಿ ಇಲ್ಲದೆ ಬಂದ ಕಾರು. ಮಾಮೂಲಿ ಟೈರಿಗೆ ಬದಲಾದರೆ ಪಂಚರ್ ಕಿಟ್ ಮತ್ತು ಗಾಳಿ ಪಂಪ್ ಡಿಕ್ಕಿಯಲ್ಲಿರಲಿ. ರನ್‌ಫ್ಲ್ಯಾಟನ್ನೇ ಉಳಿಸಿಕೊಳ್ಳುವವರು, ಗಾಳಿ ಹೋದಾಗಲೂ ಬೀಡ್ ಕಳಚದಂತೆ ತಡೆಯುವ ಉಬ್ಬು ಹೊಸ ರಿಮ್ಮಿನಲ್ಲಿದೆಯೇ ಕೇಳಿ. ರಿಮ್ಮಿನ ಮೇಲೆ 'ಇಎಚ್2' ಎಂದಿದ್ದರೆ ಅದು ಆ ಉಬ್ಬಿನ ಗುರುತು. ಗಾಳಿಯ ಒತ್ತಡ ಹೇಳುವ ಸೆನ್ಸರುಗಳನ್ನು ಹಳೆಯ ರಿಮ್ಮಿನಿಂದ ಕಳಚಿ ತರಬೇಕೋ ಹೊಸದು ಬೇಕೋ ಎಂಬುದನ್ನೂ ಟೈರ್ ಬಿಚ್ಚುವ ಮೊದಲೇ ತೀರ್ಮಾನಿಸಿ.

ಬೋಲ್ಟುಗಳ ವೃತ್ತ

ಬೋಲ್ಟುಗಳ ವೃತ್ತದ ವ್ಯಾಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ಒಂದು ಎಚ್ಚರಿಕೆ. ಜಿಟಿ-ಆರ್‌ನದು ಐದು ಬೋಲ್ಟ್, 114.3 ಮಿ.ಮೀ.; ಅಂದರೆ ಸರಿಯಾಗಿ ನಾಲ್ಕೂವರೆ ಇಂಚು. ಮುಸ್ತಾಂಗ್‌ನದೂ ಅದೇ. ಆಡಿ ಮತ್ತು ಮರ್ಸಿಡಿಸ್ 112, ಹಳೆಯ ಬಿಎಂಡಬ್ಲ್ಯು 120, ಹೊಸವು 112, ಪೋರ್ಷೆ 130. 112ರ ರಿಮ್ಮನ್ನು 114.3ರ ಸ್ಟಡ್ ಮೇಲೆ ಒತ್ತಿ ತಿರುಗಿಸಿದರೆ ನಟ್ ಕೂತಂತೆಯೇ ಕಾಣುತ್ತದೆ, ಸ್ಪ್ಯಾನರಿಗೆ ಬಿಗಿತವೂ ಸಿಗುತ್ತದೆ. ಒಳಗೆ ಐದೂ ಸ್ಟಡ್ ಬಾಗಿ ನಿಂತಿರುತ್ತವೆ. "ಸ್ವಲ್ಪ ಅಡ್ಜಸ್ಟ್ ಆಗುತ್ತೆ ಸಾರ್" ಎಂಬ ಮಾತು ಇಲ್ಲಿ ಜೀವಕ್ಕೆ ಎರವು. ನಡುತೂತಿನ ಅಳತೆ ಜಿಟಿ-ಆರ್‌ಗೆ 66.1, ರಿಮ್ ದೊಡ್ಡದಾದರೆ ಸರಿಯಾದ ಬಳೆ ಬೇಕು. ಕಾರನ್ನು ಹೊರುವುದು ಈ ಬಳೆಯಲ್ಲ, ಬೋಲ್ಟಿನ ಬಿಗಿತದಿಂದ ಎರಡು ಲೋಹದ ಮುಖಗಳ ನಡುವೆ ಹುಟ್ಟುವ ಘರ್ಷಣೆ. ಬಳೆಯ ಕೆಲಸ ಬಿಗಿಯುವ ತನಕ ಚಕ್ರವನ್ನು ನಡುವಿಗೆ ಹಿಡಿಯುವುದು. ವೇಗದ ಕಾರಿನಲ್ಲಿ ಬ್ರೇಕ್ ಕೆಂಪಗೆ ಕಾಯುವುದರಿಂದ ಪ್ಲಾಸ್ಟಿಕ್ ಬಳೆ ಬಿಟ್ಟು ಅಲ್ಯೂಮಿನಿಯಂ ತಗೊಳ್ಳಿ.

ಬಿಗಿತದ ಅಂಕಿಯನ್ನು ನಿಮ್ಮ ಕಾರಿನ ಪುಸ್ತಕದಿಂದಲೇ ತೆಗೆದುಕೊಳ್ಳಿ, ಪಕ್ಕದ ಮನೆಯ ಕಾರಿನಿಂದಲ್ಲ. ಪೋರ್ಷೆ 911 ಒಂದರಲ್ಲೇ ಹಳೆಯ ಪೀಳಿಗೆಗೆ 130 ನ್ಯೂಟನ್ ಮೀಟರ್, ಈಗಿನದಕ್ಕೆ 160, ನಡುವೆ ಒಂದೇ ದೊಡ್ಡ ನಟ್ ಇರುವ ಜಿಟಿ3ಗೆ 600. ಗಾಳಿ ಗನ್ನಿನಲ್ಲಿ ಟರ್‍ರೆಂದು ಬಿಗಿಯುವ ಹುಡುಗನಿಗೆ ಈ ಮೂರೂ ಒಂದೇ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಮೂಲದ ವ್ಯಾಸ, ಮಡ್‌ಗಾರ್ಡಿನ ಒಳಗೇ ಇರುವ ಅಗಲ, ಸರಿಯಾದ ಗುರುತಿರುವ ರಿಮ್: ಇಷ್ಟರಲ್ಲಿ ಇದ್ದರೆ ತಕರಾರಿನ ಸಾಧ್ಯತೆ ಕಡಿಮೆ. ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ರಿಮ್ಮಿನ ಬೆಲೆಯನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ಹೇಳದೆ ಹಾಕಿಸಿ, ಅಪಘಾತದ ದಿನ ಸರ್ವೇಯರ್ ಮುಂದೆ ತಲೆ ತುರಿಸಿಕೊಳ್ಳುವ ಪಾಡು ಬೇಡ. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ಸಡಿಲವೇ ಇಲ್ಲ. ಆ ಕಾರಿಗೆಂದೇ ಮಂಜೂರಾದ ರಿಮ್ ಅಲ್ಲದಿದ್ದರೆ ಟಿಯುವಿಯಂಥ ಸಂಸ್ಥೆಯಲ್ಲಿ ತೋರಿಸಿ, ಕಾರಿನ ದಾಖಲೆಯಲ್ಲಿ ಬರೆಸಬೇಕು. ಇಲ್ಲವಾದರೆ ರಸ್ತೆಗಿಳಿಯಲು ಆ ಕಾರಿಗಿರುವ ಅನುಮತಿಯೇ ರದ್ದಾದಂತೆ.

ಎಲ್ಲ ಆಗಿ ಚಕ್ರ ಹಾಕುವ ದಿನ ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿಸಿ. ಒಂದು ಪದರ ತುಕ್ಕು ಉಳಿದರೂ ಚಕ್ರ ಓರೆ ಕೂರುತ್ತದೆ. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ನಕ್ಷತ್ರ ಬರೆಯುವ ಹಾಗೆ ಒಂದು ಬಿಟ್ಟು ಒಂದನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಯಲಿ. ಅಲೈನ್‌ಮೆಂಟ್ ಅದೇ ದಿನ ಆಗಲಿ. ಎಂಬತ್ತು ನೂರು ಕಿ.ಮೀ. ಓಡಿಸಿದ ಮೇಲೆ, ಚಕ್ರ ತಣ್ಣಗಿರುವಾಗ, ಸ್ಪ್ಯಾನರನ್ನು ಪ್ರತಿ ನಟ್ ಮೇಲೂ ಇನ್ನೊಮ್ಮೆ ಇಡಿ. ಅಲುಗಾಡದೆ ಟಕ್ ಅಂದರೆ ಸರಿ.

ಕಂಪನಿಯ ಹಳೆಯ ರಿಮ್ ಮಾರಬೇಡಿ. ಕಾರು ಮಾರುವ ದಿನ ಅವುಗಳಿಗೆ ಬೆಲೆ ಬರುತ್ತದೆ. ಅದರ ನಟ್ ಬೋಲ್ಟುಗಳನ್ನು ಮಾತ್ರ ಬೇರೆ ಕಡೆ ತೆಗೆದಿಡಿ, ಹೊಸದರ ಜೊತೆ ಬೆರೆಯದಂತೆ. ನನ್ನ ಪೋಲೊದ ಇಪ್ಪತ್ತು ದುಂಡುತಲೆ ಬೋಲ್ಟುಗಳು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿದ್ದವು, ಮೇಲೊಂದು ಚೀಟಿ: "ಕಂಪನಿ ರಿಮ್ಮಿಗೆ ಮಾತ್ರ. 120 ನ್ಯೂಟನ್ ಮೀಟರ್."